ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಆಟ ಮುಗ್ಗರಿಸುತ್ತಿದೆಯೇ? ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಅಡಿಕೆ ಮಾರಿದ ದುಡ್ಡಿನಲ್ಲಿ 30,000 ರೂಪಾಯಿಯ ಗ್ರಾಫಿಕ್ಸ್ ಕಾರ್ಡ್ ಮನೆಗೆ ಬರುತ್ತದೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುತ್ತಾರೆ. ಆಟ ತೆರೆದರೆ ನಿನ್ನೆ ಎಷ್ಟು ಮುಗ್ಗರಿಸುತ್ತಿತ್ತೋ ಇವತ್ತೂ ಅಷ್ಟೇ. ಎರಡು ದಿನ ಬಿಟ್ಟು ಮಗ ಪೆಟ್ಟಿಗೆ ಹಿಡಿದು, ತಂದೆ ಬಿಲ್ಲು ಹಿಡಿದು ಶಿರಸಿಯ ನನ್ನ ಅಂಗಡಿಗೆ ಬರುತ್ತಾರೆ. "ಕಾರ್ಡ್ ಡುಪ್ಲಿಕೇಟ್ ಇರಬೇಕು ಮಾರಾಯರೇ, ನೀವೇ ಒಮ್ಮೆ ನೋಡಿ ಹೇಳಿಬಿಡಿ."

ಹೀಗೆ ಬಂದ ಕಾರ್ಡುಗಳಲ್ಲಿ ನಿಜಕ್ಕೂ ಕೆಟ್ಟಿದ್ದವು ಬಹಳ ಕಡಿಮೆ. ಹೆಚ್ಚಿನವು ಮಾಡಲು ಕೆಲಸವಿಲ್ಲದೆ ಕುಳಿತಿದ್ದವು. ಕೆಲಸ ಒದಗಿಸಬೇಕಾದ ಪ್ರೊಸೆಸರ್ ಹಿಂದೆ ಬಿದ್ದಿತ್ತು, ಇಲ್ಲವೇ ಆ ಕಾರ್ಡಿನಲ್ಲಿ ಏನೇನಿದೆ ಎಂಬುದು ಆಟಕ್ಕೆ ಗೊತ್ತೇ ಇರಲಿಲ್ಲ. ಕಾರ್ಡ್ ತಯಾರಕರು ಸುಮಾರು ಎರಡು ವರ್ಷಕ್ಕೊಂದು ಹೊಸ ಪೀಳಿಗೆ ತರುತ್ತಾರೆ. ದೊಡ್ಡ ಆಟವೊಂದನ್ನು ಕಟ್ಟಿ ಮುಗಿಸಲು ನಾಲ್ಕೈದು ವರ್ಷ ಬೇಕು. ಈ ಅಂತರವನ್ನು ಯಾವ ಸ್ಕ್ರೂಡ್ರೈವರೂ ಮುಚ್ಚಲಾರದು. ಆದರೆ ನಿಮ್ಮ ತೊಂದರೆ ಈ ಅಂತರದ್ದೋ, ಕಾರ್ಡ್ ಕೂರುವ ಸಡಿಲವಾದ ಸ್ಲಾಟಿನದ್ದೋ ಎಂದು ದುಡ್ಡು ಖರ್ಚು ಮಾಡುವ ಮೊದಲೇ ತಿಳಿದುಕೊಳ್ಳಬಹುದು.

ದೂರನ್ನು ಬಿಡಿಸಿ ಕೇಳಬೇಕು

"ಲ್ಯಾಗ್ ಆಗುತ್ತದೆ" ಎಂಬ ಮಾತಿನಲ್ಲಿ ಐದಾರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಆಟ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ನಿಧಾನವೇ, ಅಥವಾ ಚೆನ್ನಾಗಿ ಓಡುತ್ತಾ ನಡುನಡುವೆ ಗಕ್ಕನೆ ನಿಲ್ಲುತ್ತದೆಯೇ? ನಿಲ್ಲುವುದು ಹೊಸ ಜಾಗಕ್ಕೆ ಕಾಲಿಟ್ಟಾಗ ಮಾತ್ರವೇ, ಹೋಗಿ ಬಂದ ಜಾಗದಲ್ಲೂ ಇದೆಯೇ? ಅರ್ಧ ಗಂಟೆ ಸರಿಯಾಗಿದ್ದು ಆಮೇಲೆ ಕುಸಿಯುತ್ತದೆಯೇ? ಜನಜಂಗುಳಿಯ ಪೇಟೆಯಲ್ಲಿ ಕುಸಿದು ಬಯಲಿಗೆ ಬಂದೊಡನೆ ಚೇತರಿಸಿಕೊಳ್ಳುತ್ತದೆಯೇ? ಅಥವಾ ನಿಧಾನವೇ ಅಲ್ಲ, ಆಟ ಅತಿ ವೇಗವಾಗಿ ಓಡಿ ಕಾರುಗಳು ಗಾಳಿಗೆ ಹಾರುತ್ತಿವೆಯೇ?

ಅರ್ಧ ಗಂಟೆಯ ನಂತರ ಕುಸಿದರೆ ಶಾಖವನ್ನು ಅನುಮಾನಿಸಿ. ಪೇಟೆಯಲ್ಲಿ ಕುಸಿದರೆ ಪ್ರೊಸೆಸರ್. ಹೊಸ ಜಾಗದಲ್ಲಿ ಮಾತ್ರ ನಿಂತರೆ ಶೇಡರ್ (ಇದರ ವಿವರ ಮುಂದಿದೆ), ಹಳೆಯ ಆಟ ಹುಚ್ಚು ವೇಗದಲ್ಲಿ ಓಡಿದರೆ ಫ್ರೇಮ್ ಮಿತಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬರೆಯಬೇಕೆಂಬ ಕಟ್ಟು. ಆನ್‌ಲೈನ್ ಆಟದಲ್ಲಿ ಎದುರಾಳಿ ಇಲ್ಲಿದ್ದವನು ಅಲ್ಲಿಗೆ ಜಿಗಿದರೆ ಅದು ಇಂಟರ್‌ನೆಟ್ಟಿನ ತೊಂದರೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹರಿದದ್ದಕ್ಕೂ ಕಾರ್ಡಿಗೂ ಸಂಬಂಧವಿಲ್ಲ.

ಕಣ್ಣಿಗೆ ಕಾಣುವ, ಕೈಗೆ ಸಿಗುವ ದೋಷಗಳು

ಹೇಳಲು ಸಂಕೋಚವಾಗುವಷ್ಟು ಸರಳ ಸಂಗತಿ, ಆದರೂ ಮೊದಲು ನೋಡಬೇಕಾದದ್ದು ಇದೇ: ಮಾನಿಟರಿನ ಕೇಬಲ್ ಕಾರ್ಡಿಗೆ ಸಿಕ್ಕಿಸಿದೆಯೋ ಮದರ್‌ಬೋರ್ಡಿಗೋ? ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದ್ದರೆ ಬಹುತೇಕ ಸಂದರ್ಭಗಳಲ್ಲಿ ಚಿತ್ರ ಬರೆಯುತ್ತಿರುವುದು ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸ್. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ಕೊಂಡು ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60 ಹರ್ಟ್ಸ್ ಎಂದೇ ಬಿಟ್ಟವರೂ ಬೇಕಾದಷ್ಟು ಜನರಿದ್ದಾರೆ.

ಆಮೇಲೆ ಸ್ಲಾಟ್. ಕಾರವಾರ, ಅಂಕೋಲಾ ಕಡೆಯವರು ಹುಬ್ಬಳ್ಳಿಯಲ್ಲಿ ಜೋಡಿಸಿದ ಕಂಪ್ಯೂಟರನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕಿಸಿಕೊಂಡು ಅರಬೈಲ್ ಘಟ್ಟ ಇಳಿಸುತ್ತಾರೆ. ಈಗಿನ ದೊಡ್ಡ ಕಾರ್ಡುಗಳು ಒಂದು ಕಿಲೋಗೂ ಹೆಚ್ಚು ತೂಗುತ್ತವೆ. ಘಟ್ಟದ ತಿರುವುಗಳಲ್ಲಿ ಕುಲುಕಿ ಕುಲುಕಿ ಕಾರ್ಡಿನ ಹೊರತುದಿ ಕೆಳಗೆ ಜೋತುಬಿದ್ದು, ಸ್ಲಾಟಿನೊಳಗಿನ ಅಂಚು ಕೂದಲೆಳೆಯಷ್ಟು ಮೇಲೇಳುತ್ತದೆ. ಕಂಪ್ಯೂಟರ್ ಚಾಲೂ ಆಗುತ್ತದೆ, ಚಿತ್ರವೂ ಬರುತ್ತದೆ. ಆದರೆ 16 ಲೇನ್‌ಗಳಲ್ಲಿ, ಅಂದರೆ ಸ್ಲಾಟಿನ 16 ಸಾಲು ದಾರಿಗಳಲ್ಲಿ, ಸಾಗಬೇಕಾದ ಮಾಹಿತಿ 4ರಲ್ಲೋ 1ರಲ್ಲೋ ತೆವಳುತ್ತಿರುತ್ತದೆ. ಪ್ರಯಾಣಕ್ಕೆ ಮೊದಲು ಕಾರ್ಡನ್ನು ಕಳಚಿ ಅದರ ಡಬ್ಬಿಯಲ್ಲೇ ಇಟ್ಟು ಒಯ್ಯಿರಿ.

ಕೋಡಿಬಾಗದಂಥ ಕಡೆ, ಕಿಟಕಿ ತೆರೆದರೆ ಸಮುದ್ರದ ಗಾಳಿ ನೇರ ಒಳಗೆ ನುಗ್ಗುವ ಮನೆಗಳಲ್ಲಿ ಇನ್ನೊಂದು ತಾಪತ್ರಯವಿದೆ. ಕಾರ್ಡಿನ ಅಂಚಿನ ಪಟ್ಟಿಗಳಿಗೆ ಚಿನ್ನದ ತೆಳು ಲೇಪವಿರುವುದರಿಂದ ಅವು ಬೇಗ ಕೆಡುವುದಿಲ್ಲ. ಆದರೆ ಲೇಪ ಸವೆದ ಕಡೆ, ಪವರ್ ಕನೆಕ್ಟರಿನ ಪಿನ್ನುಗಳ ಬುಡದಲ್ಲಿ, ಸ್ಲಾಟಿನ ಒಳಗೆ ಉಪ್ಪುಗಾಳಿ ತನ್ನ ಕೆಲಸ ಮಾಡುತ್ತದೆ. ಕಾರ್ಡನ್ನು ಬಿಚ್ಚಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹೊಳೆಯುವ ಪಟ್ಟಿಗಳ ನಡುವೆ ಮಂಕಾದ ಕಂದು ಗೆರೆ, ಕೆಲವೊಮ್ಮೆ ಅಂಚಿನಲ್ಲಿ ಹಸಿರು ಕಿಲುಬಿನ ಚುಕ್ಕೆ ಕಾಣುತ್ತದೆ. ಎಳೆ ಬಿಡದ ಬಟ್ಟೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಪಟ್ಟಿಗಳ ಉದ್ದಕ್ಕೆ ಒರೆಸಿ, ಪೂರ್ತಿ ಒಣಗಿದ ಮೇಲೆ ಲಾಕ್ ಟಕ್ಕೆನ್ನುವವರೆಗೆ ಒತ್ತಿ ಕೂರಿಸಿ. ಶಾಲೆಯ ರಬ್ಬರಿನಿಂದ ಉಜ್ಜುವ ಪದ್ಧತಿ ಎಲ್ಲೆಡೆ ಇದೆ. ಹಗುರವಾಗಿ ಉಜ್ಜಿದರೆ ನಡೆದೀತು, ಜೋರಾಗಿ ಉಜ್ಜಿದರೆ ಚಿನ್ನವೇ ಹೋಗುತ್ತದೆ.

ಸರಿಯಾಯಿತೇ ಎಂದು ತಿಳಿಯಲು ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ 'ಬಸ್ ಇಂಟರ್‌ಫೇಸ್' ಎಂಬ ಸಾಲಿದೆ. ಕಾರ್ಡ್ ಎಷ್ಟು ಲೇನ್‌ಗಳದ್ದು, ಈಗ ಎಷ್ಟರಲ್ಲಿ ಓಡುತ್ತಿದೆ ಎಂಬ ಎರಡು ಅಂಕಿಗಳು ಅಲ್ಲಿ ಸಿಗುತ್ತವೆ. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಕಾರ್ಡ್ ತಾನಾಗಿಯೇ ಸಂಪರ್ಕದ ವೇಗ ತಗ್ಗಿಸುವುದರಿಂದ ಸುಮ್ಮನಿದ್ದಾಗಿನ ಅಂಕಿ ನೋಡಿ ಹೌಹಾರಬೇಡಿ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ, ಪುಟ್ಟ ಪರೀಕ್ಷೆ ಓಡಿಸಿ, ಆಗ ನೋಡಿ. 16 ಲೇನ್‌ಗಳ ಕಾರ್ಡ್ ಆಗಲೂ 4 ಎಂದೇ ತೋರಿಸಿದರೆ ಸ್ಲಾಟ್, ಕಿಲುಬು ಅಥವಾ ಬೋರ್ಡಿನ ತೊಂದರೆ. ಬೋರ್ಡಿನ ಕೆಳಗಿನ ಸ್ಲಾಟಿಗೆ ಕಾರ್ಡ್ ಹಾಕಿದ್ದರೂ ಹೀಗೆಯೇ ಆಗುತ್ತದೆ. ಉದ್ದದಲ್ಲಿ ಎರಡೂ ಸ್ಲಾಟುಗಳು ಒಂದೇ ಥರ ಕಂಡರೂ ಕೆಳಗಿನದಕ್ಕೆ ಸಾಮಾನ್ಯವಾಗಿ 4 ಲೇನ್‌ಗಳಷ್ಟೇ ಇರುತ್ತವೆ.

ವಿದ್ಯುತ್ತಿನ ಬಗ್ಗೆ ಎರಡು ಮಾತು. ಕರೆಂಟಿನ ಕೊರತೆಯಿಂದ ಆಟ ನಿಧಾನವಾಗುವುದು ಅಪರೂಪ. ಕಂಪ್ಯೂಟರ್ ಧುತ್ತೆಂದು ಆರಿಹೋಗುವುದು ಅಥವಾ ತಾನಾಗಿ ಮರುಚಾಲೂ ಆಗುವುದು ಅದರ ಲಕ್ಷಣ. ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಗೇಮಿಂಗ್ ಕಂಪ್ಯೂಟರ್ ಓಡಿಸಬೇಡಿ. ಇನ್ನು ಶಾಖ. ಮೇ ತಿಂಗಳ ಕಾರವಾರದಲ್ಲಿ ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್ಟಿನೊಳಗಿನ ಕಾರ್ಡ್ 83 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅನೇಕ ಮಾದರಿಗಳು ತಮ್ಮ ವೇಗ ತಾವೇ ಇಳಿಸಿಕೊಳ್ಳುತ್ತವೆ. ಕ್ಯಾಬಿನೆಟ್ಟಿನ ಪಕ್ಕದ ಹಲಗೆ ತೆಗೆದು, ಟೇಬಲ್ ಫ್ಯಾನ್ ತಿರುಗಿಸಿ ಅದೇ ಆಟ ಆಡಿ ನೋಡಿ. ಸುಧಾರಿಸಿದರೆ ದೋಷ ಗಾಳಿಯಾಟದ್ದು.

ಯಾರಿಗಾಗಿ ಯಾರು ಕಾಯುತ್ತಿದ್ದಾರೆ?

ಮೇಲಿನದ್ದೆಲ್ಲ ಸರಿಯಿದ್ದೂ ಆಟ ಓಡದಿದ್ದರೆ ನಿಜವಾದ ತನಿಖೆ ಈಗ ಶುರು.

ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಅಷ್ಟರೊಳಗೆ ಪ್ರೊಸೆಸರ್ ಯಾರು ಎಲ್ಲಿದ್ದಾರೆ, ಯಾವ ಕಾರು ಯಾವುದಕ್ಕೆ ಗುದ್ದಿತು, ಈ ಫ್ರೇಮಿನಲ್ಲಿ ಏನೇನು ಬರೆಯಬೇಕು ಎಂದು ಲೆಕ್ಕ ಹಾಕಿ ಕಾರ್ಡಿಗೆ ಪಟ್ಟಿ ಕೊಡಬೇಕು. ಕಾರ್ಡ್ ಆ ಪಟ್ಟಿಯ ಪ್ರಕಾರ ಬಣ್ಣ ತುಂಬಬೇಕು. ನಮ್ಮ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ಹಂಡೆ ಎಷ್ಟೇ ದೊಡ್ಡದಿರಲಿ, ಸುಲಿಯುವವರು ನಾಲ್ಕೇ ಜನರಾದರೆ ಬೇಯಿಸುವುದು ಅವರ ಕೈ ಓಡಿದಷ್ಟೇ. ಹೊಸ ಕಾರ್ಡ್ ಕೊಂಡವರು ಹಂಡೆ ಬದಲಾಯಿಸಿರುತ್ತಾರೆ, ಸುಲಿಯುವವರನ್ನಲ್ಲ.

ಪರೀಕ್ಷೆ ಹೀಗೆ. ಎಂಎಸ್‌ಐ ಆಫ್ಟರ್‌ಬರ್ನರ್ ಹಾಗೂ ಅದರ ಜೊತೆಗೆ ಬರುವ ರಿವಾಟ್ಯೂನರ್ ಹಾಕಿಕೊಂಡು ಫ್ರೇಮ್ ಸಂಖ್ಯೆ, ಫ್ರೇಮ್ ಸಮಯದ ಗೆರೆ, ಕಾರ್ಡಿನ ಬಳಕೆ, ಕಾರ್ಡಿನ ಮೆಮೊರಿ, ಪ್ರೊಸೆಸರಿನ ಪ್ರತಿ ಕೋರ್‌ನ (ಅದರೊಳಗಿನ ಒಂದೊಂದು ಲೆಕ್ಕದ ಘಟಕದ) ಬಳಕೆ, ಇಷ್ಟನ್ನು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ. ವಿ-ಸಿಂಕ್ (ಫ್ರೇಮನ್ನು ಮಾನಿಟರಿನ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ಎರಡನ್ನೂ ತೆಗೆಯಿರಿ, ಇಲ್ಲದಿದ್ದರೆ ಕಾರ್ಡ್ ಆ ಮಿತಿಗಾಗಿ ಕಾಯುವುದನ್ನೇ ನೀವು ದೋಷವೆಂದು ಓದಿಬಿಡುತ್ತೀರಿ. ಆಟ ಹೆಚ್ಚು ಕುಸಿಯುವ ಜಾಗಕ್ಕೆ ಹೋಗಿ ನಿಲ್ಲಿ. ಕಾರ್ಡಿನ ಬಳಕೆ ಶೇ 95ಕ್ಕಿಂತ ಮೇಲಿದ್ದರೆ ಅದು ತನ್ನ ಪೂರ್ತಿ ಶಕ್ತಿ ಹಾಕುತ್ತಿದೆ, ಸೆಟ್ಟಿಂಗ್ ಇಳಿಸಿದರೆ ವೇಗ ಸಿಗುತ್ತದೆ. ಶೇ 50–60ರಲ್ಲಿ ತೂಗಾಡುತ್ತಾ ಫ್ರೇಮ್ ಸಂಖ್ಯೆಯೂ ಕಡಿಮೆಯಿದ್ದರೆ ಕಾರ್ಡ್ ಕಾಯುತ್ತಿದೆ.

ಖಾತ್ರಿ ಮಾಡಿಕೊಳ್ಳಲು ರೆಸಲ್ಯೂಷನ್, ಅಂದರೆ ಚಿತ್ರದ ಚುಕ್ಕೆಗಳ ಸಂಖ್ಯೆ, ಇಳಿಸಿ. ಸಿದ್ದಾಪುರ ಕಡೆಯ ಹುಡುಗನೊಬ್ಬ ತಂದ ಯಂತ್ರದಲ್ಲಿದ್ದುದು 2012ರ ಕಾಲದ, ನಾಲ್ಕು ಕೋರ್‌ಗಳ ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಮತ್ತು 8 ಜಿಬಿಯ ಹೊಸ ಕಾರ್ಡ್. ನಗರದ ನಡುವೆ 1920×1080ರಲ್ಲಿ 48ರ ಆಸುಪಾಸು ಫ್ರೇಮ್ ಬರುತ್ತಿತ್ತು. "ತಮ್ಮಾ, ಈಗ 1280×720 ಮಾಡು" ಎಂದೆ. ಬಣ್ಣ ತುಂಬಬೇಕಾದ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾದವು, ಚಿತ್ರ ಮಸುಕಾಯಿತು, ಫ್ರೇಮ್ ಮಾತ್ರ 49. ಕಾರ್ಡಿನ ಬಳಕೆ ಶೇ 30ಕ್ಕೆ ಇಳಿಯಿತು. ಕಾರ್ಡಿನ ಕೆಲಸ ಅರ್ಧ ಮಾಡಿದರೂ ವೇಗ ಹೆಚ್ಚಲಿಲ್ಲವೆಂದರೆ ಕಟ್ಟಿಕೊಂಡಿರುವುದು ಕಾರ್ಡಿನಲ್ಲಿ ಅಲ್ಲ. ಆತನ ತಂದೆಗೆ ಬೇರೆ ವಿವರಣೆ ಬೇಕಾಗಲಿಲ್ಲ. ಬಿಲ್ಲನ್ನು ಮಡಚಿ ಕಿಸೆಗೆ ಹಾಕಿಕೊಂಡರು.

ಇಲ್ಲಿ ಟಾಸ್ಕ್ ಮ್ಯಾನೇಜರ್ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. "ಪ್ರೊಸೆಸರ್ ಬಳಕೆ ಶೇ 40 ಮಾತ್ರ ಇದೆ, ಅದರ ತಪ್ಪು ಹೇಗಾದೀತು?" ಎಂದು ಕೇಳುತ್ತಾರೆ. ಎಂಟು ಕೋರ್‌ಗಳ ಪ್ರೊಸೆಸರಿನಲ್ಲಿ ಒಂದೇ ಕೋರ್ ಪೂರ್ತಿ ದುಡಿದು ಉಳಿದವು ಸುಮ್ಮನಿದ್ದರೆ ಒಟ್ಟು ಬಳಕೆ ಶೇ 12.5 ಎಂದು ತೋರಿಸುತ್ತದೆ. ಬಹುತೇಕ ಆಟಗಳ ಮುಖ್ಯ ಲೆಕ್ಕಾಚಾರ ಇಂದಿಗೂ ಒಂದೆರಡು ಥ್ರೆಡ್‌ಗಳ (ಕೆಲಸದ ಎಳೆಗಳ) ಮೇಲೆಯೇ ನಿಂತಿದೆ. ಒಟ್ಟು ಅಂಕಿ ಬಿಟ್ಟು ಕೋರ್‌ವಾರು ನೋಡಿ. ಒಂದೇ ಕೆಲಸ ಒಂದು ಕೋರ್‌ನಿಂದ ಇನ್ನೊಂದಕ್ಕೆ ವರ್ಗವಾಗುತ್ತಾ ಇರುವುದರಿಂದ ಅದೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ರೆಸಲ್ಯೂಷನ್ ಪರೀಕ್ಷೆ ಮೋಸ ಮಾಡುವುದಿಲ್ಲ.

ಕಾರ್ಡ್ ಮುಂದೆ, ಆಟ ಹಿಂದೆ: ಇದು ಹೇಗಾಯಿತು

ರಿಪೇರಿ ಕೈಪಿಡಿಯಲ್ಲಿ ಚರಿತ್ರೆ ಏಕೆ ಎನ್ನಬಹುದು. ಪೆಟ್ಟಿಗೆಯ ಮೇಲೆ ಬರೆದ ಸೌಲಭ್ಯ ಕಾಣಿಸುತ್ತಿಲ್ಲ ಎಂಬುದೂ ನನಗೆ ಬರುವ ದೂರುಗಳಲ್ಲಿ ಒಂದು. ಅದಕ್ಕೆ ಉತ್ತರ ಚರಿತ್ರೆಯಲ್ಲೇ ಇದೆ.

1999ರಲ್ಲಿ ಜೀಫೋರ್ಸ್ 256 ಬಂದಾಗ ಮೂರು ಆಯಾಮದ ಆಕೃತಿಗಳನ್ನು ತಿರುಗಿಸಿ ಬೆಳಕು ಹಾಕುವ ಲೆಕ್ಕವನ್ನು ಕಾರ್ಡೇ ಮಾಡುತ್ತದೆ ಎಂಬುದು ಅದರ ಹೆಗ್ಗಳಿಕೆಯಾಗಿತ್ತು. ಆದರೆ ಆಗ ಅಂಗಡಿಯಲ್ಲಿದ್ದ ಬಹುತೇಕ ಆಟಗಳು ಆ ಲೆಕ್ಕವನ್ನು ಪ್ರೊಸೆಸರಿನಲ್ಲೇ ಮಾಡಿಕೊಳ್ಳುತ್ತಿದ್ದವು. ಕೊಂಡವರು ಆಟಕ್ಕಾಗಿ ಕಾದರು. 2018ರ ಸೆಪ್ಟೆಂಬರಿನಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯನ್ನೇ ಲೆಕ್ಕ ಹಾಕುವ ವಿಧಾನ) ಹೊತ್ತು ಆರ್‌ಟಿಎಕ್ಸ್ 2080 ಬಂದ ದಿನ ಅದನ್ನು ಬಳಸುವ ಆಟ ಒಂದೂ ಇರಲಿಲ್ಲ. ಮೈಕ್ರೋಸಾಫ್ಟ್‌ನ ಪೂರಕ ಅಪ್‌ಡೇಟ್ ಬಂದದ್ದು ಅಕ್ಟೋಬರಿನಲ್ಲಿ, ಬ್ಯಾಟಲ್‌ಫೀಲ್ಡ್ 5ಕ್ಕೆ ಆ ಸೌಲಭ್ಯ ಸೇರಿದ್ದು ನವೆಂಬರಿನಲ್ಲಿ. ರೇ ಟ್ರೇಸಿಂಗ್ ಇಲ್ಲದ ಕಾರ್ಡಿನಲ್ಲಿ ಓಡುವುದೇ ಇಲ್ಲ ಎನ್ನುವ ಧೈರ್ಯವನ್ನು ಇಂಡಿಯಾನಾ ಜೋನ್ಸ್ ಆಂಡ್ ದ ಗ್ರೇಟ್ ಸರ್ಕಲ್‌ನಂಥ ದೊಡ್ಡ ಆಟ ತೋರಿಸಿದ್ದು 2024ರ ಡಿಸೆಂಬರಿನಲ್ಲಿ. ಮಧ್ಯೆ ಆರು ವರ್ಷ. ನಡುವೆ 2021ರಲ್ಲಿ ಮೆಟ್ರೋ ಎಕ್ಸೋಡಸ್‌ನ ಪರಿಷ್ಕೃತ ಆವೃತ್ತಿಯಂಥ ಅಪವಾದಗಳಿದ್ದವು, ಅಷ್ಟೇ.

ಆಟ ಕಟ್ಟುವವರನ್ನು ಸೋಮಾರಿಗಳೆಂದು ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ನೋಡುವುದು ಜನರ ಮನೆಯಲ್ಲಿ ಯಾವ ಕಾರ್ಡ್ ಇದೆ ಎಂಬುದನ್ನು, ಅಂಗಡಿಯ ಗಾಜಿನ ಹಿಂದೆ ಏನಿದೆ ಎಂಬುದನ್ನಲ್ಲ. 2016ರ ಜಿಟಿಎಕ್ಸ್ 1060 ಆಟ ಮಾರುವ ಸ್ಟೀಮ್ ತಾಣ ತನ್ನ ಬಳಕೆದಾರರ ಕಾರ್ಡುಗಳ ಬಗ್ಗೆ ನಡೆಸುವ ಸಮೀಕ್ಷೆಯ ತುದಿಯಲ್ಲಿ ವರ್ಷಗಟ್ಟಲೆ ಕುಳಿತಿತ್ತು. 2022ರ ಕೊನೆಗೆ ಅದನ್ನು ಕೆಳಗಿಳಿಸಿದ ಜಿಟಿಎಕ್ಸ್ 1650 ಅದಕ್ಕಿಂತ ವೇಗದ್ದೂ ಅಲ್ಲ! ಎರಡರಲ್ಲೂ ರೇ ಟ್ರೇಸಿಂಗಿಗೆಂದೇ ಮಾಡಿದ ಭಾಗವಿಲ್ಲ. ಇದರ ಮೇಲೆ ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳ ಲೆಕ್ಕ. ಪ್ಲೇಸ್ಟೇಷನ್ 4 ಬಂದದ್ದು 2013ರಲ್ಲಿ, 5 ಬಂದದ್ದು 2020ರಲ್ಲಿ. ಗಾಡ್ ಆಫ್ ವಾರ್ ರಾಗ್ನರಾಕ್ 2022ರಲ್ಲೂ ಎರಡಕ್ಕೂ ಬಿಡುಗಡೆಯಾಯಿತು. ಒಂಬತ್ತು ವರ್ಷ ಹಳೆಯ ಯಂತ್ರದಲ್ಲೂ ಓಡಬೇಕಾದ ಆಟಕ್ಕೆ ನಿಮ್ಮ ಹೊಸ ಕಾರ್ಡ್ ಕೊಡಬಲ್ಲದ್ದು ಹೆಚ್ಚು ರೆಸಲ್ಯೂಷನ್, ಹೆಚ್ಚು ಫ್ರೇಮ್. ಆಟದ ಒಡಲು ಅದೇ.

ತಂತ್ರಾಂಶದವರು ಮುಂದಾಲೋಚನೆ ಮಾಡಿ ಏಟು ತಿಂದದ್ದೂ ಇದೆ. 2007ರ ಕ್ರೈಸಿಸ್ ಆಟವನ್ನು ರೂಪಿಸುವಾಗ ಪ್ರೊಸೆಸರಿನ ಒಂದೊಂದು ಕೋರ್‌ನ ವೇಗ ಹೆಚ್ಚುತ್ತಲೇ ಹೋಗುತ್ತದೆ ಎಂದು ಎಣಿಸಿದ್ದರು. ಉದ್ಯಮ ಕೋರ್‌ಗಳ ಸಂಖ್ಯೆ ಹೆಚ್ಚಿಸುವ ದಾರಿ ಹಿಡಿಯಿತು. ಹಾಗಾಗಿ ಆ ಹಳೆಯ ಆಟ ಇಂದಿನ ಕಾರ್ಡಿನಲ್ಲೂ ಕೆಲವು ಜಾಗಗಳಲ್ಲಿ ಕುಸಿಯುತ್ತದೆ. ಅದನ್ನು ಪರೀಕ್ಷೆಗೆ ಹಾಕಿ "ನನ್ನ ಕಾರ್ಡ್ ಕೆಟ್ಟಿದೆ" ಎನ್ನಬೇಡಿ.

ಮೊದಲ ಸಲ ಮಾತ್ರ ನಿಲ್ಲುತ್ತದೆ

ಸರಾಸರಿ ಫ್ರೇಮ್ 90, ಆದರೂ ಹೊಸ ಬಾಗಿಲು ತೆರೆದಾಗ, ಮೊದಲ ಬಾರಿ ಸ್ಫೋಟ ಕಂಡಾಗ ಗಕ್ಕನೆ ನಿಂತು ಹೊರಡುತ್ತದೆ. ಫ್ರೇಮ್ ಸಮಯದ ಗೆರೆಯಲ್ಲಿ ಒಂಟಿ ಮುಳ್ಳುಗಳು ಎದ್ದಿರುತ್ತವೆ. ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆಯಿರಿ. ಎರಡನೆಯ ಸಲ ಮುಳ್ಳು ಮಾಯವಾದರೆ ಅದು ಶೇಡರ್ ಸಿದ್ಧಪಡಿಸುವ ವಿಳಂಬ.

ಶೇಡರ್ ಎಂದರೆ ಬೆಳಕು, ನೆರಳು, ನೀರಿನ ಹೊಳಪು ಹೇಗಿರಬೇಕು ಎಂದು ಕಾರ್ಡಿಗೆ ಹೇಳುವ ಪುಟ್ಟ ಪ್ರೋಗ್ರಾಂ. ಪ್ರತಿ ಕಾರ್ಡಿಗೂ, ಪ್ರತಿ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಆವೃತ್ತಿಗೂ ಅದನ್ನು ಬೇರೆಯಾಗಿ ತರ್ಜುಮೆ ಮಾಡಿಕೊಳ್ಳಬೇಕು. ಕನ್ಸೋಲಿನಲ್ಲಿ ಯಂತ್ರ ಒಂದೇ ಬಗೆಯದಾದ್ದರಿಂದ ಅದನ್ನು ಮೊದಲೇ ಮಾಡಿ ಕಳಿಸುತ್ತಾರೆ. ಪಿಸಿಯಲ್ಲಿ ಯಾರ ಮನೆಯಲ್ಲಿ ಯಾವ ಕಾರ್ಡಿದೆಯೋ ಯಾರಿಗೆ ಗೊತ್ತು? ಆಟ ಮತ್ತು ಕಾರ್ಡಿನ ನಡುವಿನ ಭಾಷೆಯಂತಿರುವ ಹಳೆಯ ಡೈರೆಕ್ಟ್‌ಎಕ್ಸ್ 11ರಲ್ಲಿ ಈ ಹೊರೆಯ ದೊಡ್ಡ ಪಾಲನ್ನು ಡ್ರೈವರ್ ಹೊರುತ್ತಿತ್ತು. 2015ರಲ್ಲಿ ಬಂದ ಡೈರೆಕ್ಟ್‌ಎಕ್ಸ್ 12 ಮತ್ತು 2016ರ ವಲ್ಕನ್ ಆ ಹೊಣೆಯನ್ನು ಆಟ ಬರೆಯುವವರ ತಲೆಗೆ ಕಟ್ಟಿದವು. ಯಂತ್ರಕ್ಕೆ ಹತ್ತಿರವಾಗಿ ಬರೆಯುವ ಸ್ವಾತಂತ್ರ್ಯ ಸಿಕ್ಕಿತು, ಅದನ್ನು ನಿಭಾಯಿಸುವ ಪರಿಣತಿ ಎಲ್ಲ ತಂಡಗಳಿಗೂ ಸಿಗಲಿಲ್ಲ. ಅಂತರ ಎಂದರೆ ನಿಜವಾಗಿ ಇದೇ ಎಂದು ನನಗೆ ಅನಿಸುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಆಟ ಆರಂಭದಲ್ಲಿ ಶೇಡರ್ ಸಿದ್ಧಪಡಿಸುತ್ತೇನೆ ಎಂದರೆ ಪೂರ್ತಿ ಮಾಡಲು ಬಿಡಿ, ಬೇಸರದಿಂದ ದಾಟಿಸಬೇಡಿ. ವೇಗ ಹೆಚ್ಚಿಸುವ ಸಲಹೆಯೆಂದು ಯಾರೋ ಹೇಳಿದ್ದನ್ನು ಕೇಳಿ ವಾರಕ್ಕೊಮ್ಮೆ ಶೇಡರ್ ಕ್ಯಾಶ್ (ತರ್ಜುಮೆ ಮಾಡಿಟ್ಟ ಶೇಡರ್‌ಗಳ ಸಂಗ್ರಹ) ಅಳಿಸುವವರಿದ್ದಾರೆ. ಅಳಿಸಿದಷ್ಟು ಸಲ ಮೊದಲಿನಿಂದ ತಡವರಿಕೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನಲ್ಲಿ ಕ್ಯಾಶ್ ಗಾತ್ರವನ್ನು 10 ಜಿಬಿಗೆ ಏರಿಸಿ ಬಿಟ್ಟುಬಿಡಿ. ಡ್ರೈವರ್ ಬದಲಿಸಿದ ಮರುದಿನವೇ ಆಟವನ್ನು ಅಳೆಯಬೇಡಿ. ಆಟ ಬಿಡುಗಡೆಯಾದ ವಾರವೇ ಕೊಳ್ಳದೆ ಕೆಲವು ತಿಂಗಳು ತಡೆದರೆ ದೋಷ ಸರಿಪಡಿಸುವ ತೇಪೆಗಳು ಬಂದಿರುತ್ತವೆ, ಬೆಲೆಯೂ ಇಳಿದಿರುತ್ತದೆ. ಹತ್ತಾರು ಜಿಬಿಯ ತೇಪೆಯನ್ನು ಹಳ್ಳಿಯ ನೆಟ್‌ನಲ್ಲಿ ಇಳಿಸಿಕೊಳ್ಳುವುದು ಇನ್ನೊಂದು ಸಾಹಸ. ರಾತ್ರಿ ಹಾಕಿಟ್ಟು ಮಲಗುವುದೇ ಸರಿ.

ಮೆಮೊರಿ ತುಂಬಿದಾಗ, ದಾರಿ ಕಿರಿದಾದಾಗ

ಎರಡನೆಯ ಸಲವೂ ಅದೇ ಜಾಗದಲ್ಲಿ ನಿಂತರೆ, ಗೋಡೆಗಳ ಚಿತ್ರ ಮಸುಕಾಗಿ ಕಂಡು ತಡವಾಗಿ ಸ್ಪಷ್ಟವಾದರೆ, ಕಾರ್ಡಿನ ಮೆಮೊರಿ ಅಂಕಿ ನೋಡಿ. 8 ಜಿಬಿ ಕಾರ್ಡಿನಲ್ಲಿ ಅದು ಅಂಚಿಗೆ ಮುಟ್ಟಿದ್ದರೆ ಟೆಕ್ಸ್ಚರ್ (ಗೋಡೆ, ನೆಲಗಳ ಮೇಲೆ ಹೊದಿಸುವ ಚಿತ್ರ) ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ. ಉಳಿದದ್ದನ್ನು ಮುಟ್ಟಬೇಡಿ. ಕಣ್ಣಿಗೆ ವ್ಯತ್ಯಾಸ ಕಾಣುವುದು ಕಷ್ಟ, ಆಟಕ್ಕೆ ಮಾತ್ರ ಉಸಿರು ಬರುತ್ತದೆ.

ತುಂಬಿ ಹೊರಚೆಲ್ಲಿದ ಮಾಹಿತಿ ಸ್ಲಾಟಿನ ಮೂಲಕ ಕಂಪ್ಯೂಟರಿನ ರ್‍ಯಾಮ್‌ಗೆ ಹೋಗಿ ಬರಬೇಕು. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೆಮೊರಿ 4 ಜಿಬಿ, ಅದರೊಳಗಿನ ಸಾಗಾಟ ಸೆಕೆಂಡಿಗೆ 144 ಜಿಬಿ. ಆದರೆ ಸ್ಲಾಟಿಗೆ ಇರುವುದು 4 ಲೇನ್‌ಗಳು ಮಾತ್ರ. ಸ್ಲಾಟಿನ ಪೀಳಿಗೆ ಪಿಸಿಐಇ 4.0 ಆದ ಬೋರ್ಡಿನಲ್ಲಿ ಅಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗುತ್ತದೆ, 3.0ರಲ್ಲಿ 4, ನಮ್ಮ ಕಡೆ ಇನ್ನೂ ಧಾರಾಳವಾಗಿ ಮಾರಾಟವಾಗುವ ಹಳೆಯ 2.0 ಬೋರ್ಡಿನಲ್ಲಿ 2. ಹಳೆಯ ಬೋರ್ಡಿನವರಿಗೆ ಅಗ್ಗದ ಹೊಸ ಕಾರ್ಡ್ ಎಂದು ಯಾರು ಕೊಳ್ಳುತ್ತಾರೋ ಅವರಿಗೇ ಅದು ಹೆಚ್ಚು ಏಟು ಕೊಡುತ್ತದೆ. ಇಂಟೆಲ್ ಆರ್ಕ್ ಕಾರ್ಡುಗಳದ್ದೂ ಇಂಥದ್ದೇ ಒಂದು ಷರತ್ತಿದೆ. ಬಯಾಸಿನಲ್ಲಿ (ವಿಂಡೋಸಿಗೆ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್) ರಿಸೈಜಬಲ್ ಬಾರ್, ಅಂದರೆ ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಮ್ಮೆಗೇ ತಲುಪುವ ಸೌಲಭ್ಯ, ಚಾಲೂ ಇಲ್ಲದಿದ್ದರೆ ಅವು ಬಹಳಷ್ಟು ವೇಗ ಕಳೆದುಕೊಳ್ಳುತ್ತವೆ. ಕೊಳ್ಳುವ ಮೊದಲು ಬೋರ್ಡಿನ ಹೆಸರು ಬರೆದುಕೊಂಡು ಹೋಗಿ.

ಹಳೆಯ ಆಟ, ಹೊಸ ಕಾರ್ಡ್

ಇಲ್ಲಿ ಅಂತರ ತಿರುಗುಮುರುಗು. ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಡುವವರು ನಮ್ಮೂರುಗಳಲ್ಲಿ ಇನ್ನೂ ಇದ್ದಾರೆ. ಅದರ ಫ್ರೇಮ್ ಮಿತಿ ಸುಮಾರು 25. ಹೊಸ ಕಾರ್ಡ್ ಬಂದ ಖುಷಿಯಲ್ಲಿ ಮಿತಿ ತೆಗೆದರೆ ಈಜು ನಿಧಾನವಾಗುತ್ತದೆ, ಕಾರುಗಳ ನಡವಳಿಕೆ ಕೆಡುತ್ತದೆ. ಆಟದ ಒಳಗಿನ ಗಡಿಯಾರವನ್ನು ಫ್ರೇಮಿಗೆ ಕಟ್ಟಿರುವುದೇ ಕಾರಣ. 2011ರ ಸ್ಕೈರಿಮ್‌ನಲ್ಲಿ 60 ದಾಟಿದರೆ ಮೇಜಿನ ಮೇಲಿನ ಪಾತ್ರೆಗಳು ತಾವಾಗಿ ಹಾರುತ್ತವೆ. 2013ರ ನೀಡ್ ಫಾರ್ ಸ್ಪೀಡ್ ರೈವಲ್ಸ್‌ನ 30ರ ಬೀಗ ಒಡೆದು 60 ಮಾಡಿದರೆ ಆಟವೇ ಇಮ್ಮಡಿ ವೇಗದಲ್ಲಿ ಓಡುತ್ತದೆ. ಇಂಥವಕ್ಕೆ ರಿವಾಟ್ಯೂನರಿನಲ್ಲಿ ಆಟವಾರು ಮಿತಿ ಹಾಕಿ, ಕಾರ್ಡನ್ನು ಮರೆತುಬಿಡಿ.

ಹೊಸ ಕಾರ್ಡ್ ಹಳೆಯ ಕಾರ್ಡಿಗಿಂತ ಕೀಳಾಗಿ ನಡೆದುಕೊಳ್ಳುವುದೂ ಉಂಟು. 2025ರ ಆರಂಭದಲ್ಲಿ ಆರ್‌ಟಿಎಕ್ಸ್ 50 ಸರಣಿ ಮಾರುಕಟ್ಟೆಗೆ ಬಂದಾಗ ಹಳೆಯ ಆಟಗಳು ಬಳಸುವ 32 ಬಿಟ್ ಫಿಸಿಕ್ಸ್ (PhysX, ವಸ್ತುಗಳ ಚಲನೆಯನ್ನು ಕಾರ್ಡಿನಲ್ಲೇ ಲೆಕ್ಕ ಹಾಕುವ ಎನ್‌ವಿಡಿಯಾ ತಂತ್ರಾಂಶ) ಬೆಂಬಲವನ್ನು ಕೈಬಿಟ್ಟಿದ್ದರು. ಬಾರ್ಡರ್‌ಲ್ಯಾಂಡ್ಸ್ 2, ಬ್ಯಾಟ್‌ಮ್ಯಾನ್ ಆರ್ಕಮ್ ಸಿಟಿಯಂಥ ಆಟಗಳಲ್ಲಿ ಹೊಗೆ, ಬಟ್ಟೆ, ಚೂರುಗಳ ಲೆಕ್ಕ ಪ್ರೊಸೆಸರಿನ ಮೇಲೆ ಬಿದ್ದು ಫ್ರೇಮ್ ನೆಲಕಚ್ಚಿತು. ಆ ಆಟದ ಸೆಟ್ಟಿಂಗಿನಲ್ಲಿ ಫಿಸಿಕ್ಸ್ ಆಫ್ ಮಾಡಿದರೆ ತಕ್ಷಣ ಸರಿಹೋಗುತ್ತಿತ್ತು. 2025ರ ಡಿಸೆಂಬರಿನ ಡ್ರೈವರಿನಲ್ಲಿ ಇಂಥ ಕೆಲವು ಆಟಗಳಿಗೆ ಆ ಬೆಂಬಲ ಮರಳಿ ಬಂತು. ಆರ್ಕ್ ಕಾರ್ಡುಗಳು 2022ರಲ್ಲಿ ಬಂದಾಗ ಡೈರೆಕ್ಟ್‌ಎಕ್ಸ್ 9ರ ಹಳೆಯ ಆಟಗಳನ್ನು 12ಕ್ಕೆ ತರ್ಜುಮೆ ಮಾಡಿ ಓಡಿಸುತ್ತಿದ್ದವು, ನಂತರದ ಡ್ರೈವರುಗಳಲ್ಲಿ ಬಹಳ ಸುಧಾರಿಸಿದವು. ಯಂತ್ರ ಅದೇ, ಬದಲಾದದ್ದು ತಂತ್ರಾಂಶ.

ಪ್ರೊಸೆಸರ್ ಹಿಂದೆ ಬಿದ್ದಿದೆ ಎಂದು ಗೊತ್ತಾದ ಮೇಲೆ

ಸಿದ್ದಾಪುರದ ಯಂತ್ರಕ್ಕೆ ಮಾಡಿದ್ದು ಹೀಗೆ. ಪ್ರೊಸೆಸರಿಗೆ ಹೊರೆಯಾಗುವ ಸೆಟ್ಟಿಂಗುಗಳನ್ನು ಮಾತ್ರ ಇಳಿಸಿದೆವು: ಜನದಟ್ಟಣೆ, ವಾಹನ ಸಂಖ್ಯೆ, ದೂರದ ದೃಶ್ಯದ ಮಿತಿ. ರೇ ಟ್ರೇಸಿಂಗ್ ಪೂರ್ತಿ ಆಫ್ ಮಾಡಿದೆವು. ಅದು ಕಾರ್ಡಿನ ಕೆಲಸವೆಂದು ಎಲ್ಲರೂ ತಿಳಿದಿದ್ದರೂ ದೃಶ್ಯದ ರಚನೆಯನ್ನು ಮತ್ತೆ ಮತ್ತೆ ಹೊಂದಿಸಿ ಕೊಡುವ ಹೊರೆ ಪ್ರೊಸೆಸರಿನ ಮೇಲೂ ಬೀಳುತ್ತದೆ. ಕಾರ್ಡ್ ಹೇಗೂ ಖಾಲಿ ಕುಳಿತಿದೆಯಲ್ಲ, ರೆಸಲ್ಯೂಷನ್, ಆಂಟಿ-ಅಲಿಯಾಸಿಂಗ್ (ಅಂಚುಗಳ ಹಲ್ಲುಗಳನ್ನು ನಯಗೊಳಿಸುವ ಸೆಟ್ಟಿಂಗ್) ಮತ್ತು ಟೆಕ್ಸ್ಚರ್ ಏರಿಸಿದೆವು. ಚಿತ್ರ ಚೆಂದವಾಯಿತು, ವೇಗ ಒಂದಿಷ್ಟೂ ಇಳಿಯಲಿಲ್ಲ. ಕೊನೆಗೆ 45ಕ್ಕೆ ಮಿತಿ ಹಾಕಿದೆವು. 35ಕ್ಕೂ 60ಕ್ಕೂ ಜಿಗಿದಾಡುವ ಆಟಕ್ಕಿಂತ 45ರಲ್ಲಿ ಸ್ಥಿರವಾಗಿ ಓಡುವ ಆಟ ಕೈಗೆ ಹಿತ.

ಹೊಸ ಬೋರ್ಡಿನವರು ಇನ್ನೊಂದು ಸಂಗತಿ ನೋಡಬೇಕು. ರ್‍ಯಾಮ್ ಒಂದೇ ಕಡ್ಡಿಯೋ ಎರಡೋ? ಬಯಾಸಿನಲ್ಲಿ ಎಕ್ಸ್‌ಎಂಪಿ (ಕಡ್ಡಿಯನ್ನು ಅದರ ಮೇಲೆ ಬರೆದ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಚಾಲೂ ಇದೆಯೇ? 3200 ಎಂದು ಬರೆದಿರುವ ಡಿಡಿಆರ್4 ಕಡ್ಡಿ ಎಕ್ಸ್‌ಎಂಪಿ ಇಲ್ಲದೆ 2133ರಲ್ಲೋ 2400ರಲ್ಲೋ ಓಡುತ್ತಿರುವುದನ್ನು ಎಷ್ಟೋ ಯಂತ್ರಗಳಲ್ಲಿ ಕಂಡಿದ್ದೇನೆ. ಇದಕ್ಕೆ ಖರ್ಚಿಲ್ಲ. ಡಿಎಲ್‌ಎಸ್‌ಎಸ್‌ನಂಥ ಅಪ್‌ಸ್ಕೇಲಿಂಗ್ (ಚಿಕ್ಕ ಚಿತ್ರ ಬರೆದು ಹಿಗ್ಗಿಸುವ ವಿಧಾನ) ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅದು ಇಳಿಸುವುದು ಕಾರ್ಡಿನ ಹೊರೆಯನ್ನು. ಫ್ರೇಮ್ ಜನರೇಷನ್ ನಡುವೆ ಫ್ರೇಮುಗಳನ್ನು ತುರುಕಿ ಅಂಕಿಯನ್ನು ಏರಿಸುತ್ತದೆ, ಆದರೆ ಕೀಲಿ ಒತ್ತಿದ್ದಕ್ಕೆ ಆಟ ಪ್ರತಿಕ್ರಿಯಿಸುವ ವೇಗ ಅದರಿಂದ ಹೆಚ್ಚುವುದಿಲ್ಲ. 30 ಫ್ರೇಮಿನ ಆಟವನ್ನು ಅದು 60ರಂತೆ ತೋರಿಸಬಲ್ಲದು, ಕೈಗೆ ಅದು 30ರ ಆಟವೇ. ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ಪ್ರೊಸೆಸರ್, ಬೋರ್ಡ್, ರ್‍ಯಾಮ್ ಮೂರನ್ನೂ ಒಟ್ಟಿಗೆ ಬದಲಿಸುವುದೇ ದಾರಿ. ಕಾರ್ಡ್ ಮಾರಬೇಡಿ, ಹೊಸ ಬೋರ್ಡಿನಲ್ಲಿ ಅದೇ ಕಾರ್ಡ್ ಕೆಲಸಕ್ಕೆ ಬರುತ್ತದೆ.

ವಾಪಸ್ ಕಳಿಸಬೇಕಾದ ಕಾರ್ಡ್ ಯಾವುದು

ಬಯಾಸ್ ಪರದೆಯಲ್ಲೇ, ವಿಂಡೋಸ್ ಬರುವ ಮೊದಲೇ ಬಣ್ಣದ ಚೌಕಗಳು ಅಥವಾ ಗೆರೆಗಳು ಕಂಡರೆ ಅದು ತಂತ್ರಾಂಶದ ದೋಷವಲ್ಲ. ಡಿಡಿಯು ಎಂಬ ತಂತ್ರಾಂಶ ಬಳಸಿ ಹಳೆಯ ಡ್ರೈವರ್ ಬೇರುಸಹಿತ ತೆಗೆದು ಹೊಸದು ಹಾಕಿದ ಮೇಲೂ ಬೇರೆ ಬೇರೆ ಆಟಗಳಲ್ಲಿ ಪರದೆ ಕಪ್ಪಾದರೆ, ಅದೇ ಕಾರ್ಡ್ ಗೆಳೆಯನ ಕಂಪ್ಯೂಟರಿನಲ್ಲೂ ಹಾಗೆಯೇ ಮಾಡಿದರೆ, ಎರಡು ಬೋರ್ಡುಗಳಲ್ಲೂ ಲೇನ್ ಸಂಖ್ಯೆ ಏರದಿದ್ದರೆ ಕಾರ್ಡ್ ಕೆಟ್ಟಿದೆ. ಕಾರ್ಡಿನ ಬಳಕೆ ಶೇ 99 ಇದ್ದು, ಶಾಖ ಹತೋಟಿಯಲ್ಲಿದ್ದು, ಆದರೂ ಅದೇ ಮಾದರಿಯ ಇತರ ಕಾರ್ಡುಗಳಿಗಿಂತ ಅರ್ಧ ವೇಗ ಬಂದರೆ ಜಿಪಿಯು-ಝಡ್‌ನಲ್ಲಿ ಚಿಪ್ಪಿನ ಹೆಸರು ನೋಡಿ. ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವ ನಕಲಿ ಕಾರ್ಡುಗಳನ್ನು ಅದು ಬಹಳ ಸಲ ಹಿಡಿದುಕೊಡುತ್ತದೆ.

ಆನ್‌ಲೈನಿನಲ್ಲಿ ಕೊಂಡದ್ದಾದರೆ ವಾಪಸಾತಿಯ ಅವಧಿ ಸಾಮಾನ್ಯವಾಗಿ ಕೆಲವೇ ದಿನ. ಡಬ್ಬಿ ತೆರೆಯುವಾಗ ವಿಡಿಯೊ ಮಾಡಿಟ್ಟುಕೊಳ್ಳಿ, ಕ್ರಮಸಂಖ್ಯೆಯ ಚೀಟಿ ಕೀಳಬೇಡಿ. ರೆಸಲ್ಯೂಷನ್ ಪರೀಕ್ಷೆಯನ್ನು ಕಾರ್ಡ್ ಬಂದ ಸಂಜೆಯೇ ಮಾಡಿ, ಎರಡೂ ರೆಸಲ್ಯೂಷನ್‌ಗಳ ಅಂಕಿಗಳು ಕಾಣುವಂತೆ ಪರದೆಯ ಫೋಟೊ ತೆಗೆದುಕೊಂಡು ಬನ್ನಿ. ಯಂತ್ರ ಹೊತ್ತು ತರುವ ಅಗತ್ಯವೇ ಬೀಳದಿರಬಹುದು.